ಚಿಕ್ಕತಾಯಿಯ ಸಸಾರಜನಕ

ನಮ್ಮ ಮನೆಯ ಹಜಾರದ ತೊಲೆಯಲ್ಲಿ ಒಂದು ಕಬ್ಬಿಣದ ಕೊಂಡಿ ಇದೆ. ನನ್ನ ತೊಟ್ಟಿಲು ಕಟ್ಟಿದ್ದು ಆ ಕೊಂಡಿಗೆ. ನಾನು ತೊಟ್ಟಿಲು ಬಿಟ್ಟ ಮೇಲೆ ಕೆಲವು ವರ್ಷ ಅದು ಸುಮ್ಮನೆ ನೇತಾಡಿಕೊಂಡಿತ್ತು. ಆಮೇಲೆ ಅವ್ವ ಅದಕ್ಕೆ ಊರ ಮಕ್ಕಳನ್ನೆಲ್ಲ ನೇತುಹಾಕತೊಡಗಿದಳು. ಹೀಗೆಂದರೆ ಓದುವವರು ಗಾಬರಿ ಬೀಳುತ್ತೀರೇನೋ. ಅವ್ವ ನಮ್ಮೂರು ಹಂಗಳದ ಅಂಗನವಾಡಿ ಟೀಚರ್. ಆಗ ಅಂಗನವಾಡಿಗೆ ಕಟ್ಟಡವಿರಲಿಲ್ಲ, ನಮ್ಮ ಹಜಾರವೇ ಅಂಗನವಾಡಿ. ತಿಂಗಳಿಗೊಂದು ಶನಿವಾರ ಆ ಕೊಂಡಿಗೆ ಗಡಿಯಾರದಂಥ ಮುಖವಿದ್ದ ತಕ್ಕಡಿ ಸಿಕ್ಕಿಸಿ, ಅದರ ಕೆಳಗೆ ಬಟ್ಟೆಯ ಜೋಲಿ ಕಟ್ಟಿ, ಒಂದೊಂದೇ ಮಗುವನ್ನು ಅದರೊಳಗೆ ಕೂರಿಸಿ ತೂಕ ಬರೆಯುತ್ತಿದ್ದಳು. ಇಪ್ಪತ್ತೆರಡು ಮಕ್ಕಳು. ನಾನು ಮನೆಗೆ ಒಬ್ಬಳೇ ಮಗಳು. ಒಬ್ಬಳೇ ಮಗಳಿಗೆ ಇಪ್ಪತ್ತೆರಡು ಜನ ಪಾಲುದಾರರಿದ್ದರೆ ಹೇಗಿರುತ್ತದೆ ಎಂದು ನನ್ನನ್ನು ಕೇಳಿ. ಬೆಳಿಗ್ಗೆ ನಾನು ಇಸ್ಕೂಲಿಗೆ ಹೊರಡುವ ಹೊತ್ತಿಗೆ ಹಜಾರದ ತುಂಬ ಸಿಂಬಳ ಸುರಿಸಿಕೊಂಡು ಕೂತಿರುತ್ತಿದ್ದವು. ಎಲ್ಲವೂ ನನ್ನ ಅವ್ವನನ್ನು ‘ಟೀಚರಮ್ಮ, ಟೀಚರಮ್ಮ’ ಎಂದು ಸೆರಗು ಹಿಡಿದು ಜಗ್ಗುತ್ತಿದ್ದವು.

ಇದಕ್ಕೂ ಮುಂಚೆ ಅವ್ವ ಟ್ರೈನಿಂಗ್ ಎಂದು ಚಾಮರಾಜನಗರಕ್ಕೆ ಹೋಗಿ ಒಂದು ತಿಂಗಳು ಅಲ್ಲೇ ಇದ್ದು ಬಂದಿದ್ದಳು. ಬಳೆ ತರುತ್ತಾಳೆ, ರಿಬ್ಬನ್ನು ತರುತ್ತಾಳೆ ಎಂದು ನಾನು ಬಸ್‌ಸ್ಟಾಪಿನಲ್ಲಿ ಕಾದರೆ ಅವಳು ತಂದದ್ದು ಇನ್ನೂರು ಪುಟದ ಒಂದು ನೋಟ್‌ಬುಕ್ಕು, ಅದರ ತುಂಬ ಪದಗಳು. ಸಸಾರಜನಕ, ಶರ್ಕರಪಿಷ್ಟ, ಜೀವಸತ್ವ, ಖನಿಜಾಂಶ, ರಕ್ತಹೀನತೆ, ಅಪೌಷ್ಟಿಕತೆ. ಮಾರನೇ ದಿನವೇ ಅಡಿಗೆಮನೆಯ ಡಬ್ಬಗಳಿಗೆಲ್ಲ ಸೀಮೆಸುಣ್ಣದಲ್ಲಿ ಹೊಸ ನಾಮಕರಣವಾಯಿತು. ಹುರುಳಿ ಡಬ್ಬದ ಮೇಲೆ ‘ಸಸಾರಜನಕ’, ರಾಗಿ ಹಿಟ್ಟಿನ ಮೇಲೆ ‘ಸುಣ್ಣದಂಶ’, ಬೆಲ್ಲದ ಮೇಲೆ ‘ಕಬ್ಬಿಣಾಂಶ’. ನಮ್ಮಜ್ಜಿ, ಅಂದರೆ ಅಪ್ಪನ ತಾಯಿ, ಅಕ್ಷರ ಬಾರದವಳು. ಅನ್ನಾಹಾರದ ವಿಷಯಕ್ಕೆ ಅವಳ ಬಳಿ ಇದ್ದದ್ದು ನಾಲ್ಕೇ ಮಾತು: ತಂಪು, ಉಷ್ಣ, ವಾಯಿ, ಕಸುವು. ಆ ನಾಲ್ಕರಲ್ಲಿ ಮೂರು ತಲೆಮಾರು ಸಾಕಿದವಳು.

“ಅದ್ಯಾನಮ್ಮಿ ಡಬ್ಬದ ಮ್ಯಾಲ ಗೀಚಿರದು?”

“ಕಬ್ಬಿಣಾಂಶ ಅಂತ, ಅತ್ತೆ. ಬೆಲ್ಲದಲ್ಲಿ ಕಬ್ಬಿಣ ಅದ.”

“ಅಂಗಾರ ನಾಳಿಂದ ಕುಡ್ಲು ತಟ್ಟೋ ಕಮ್ಮಾರನ್ ತಾವೇ ಬೆಲ್ಲ ತಂದ್ಬುಡನ ಬುಡು.”

ಅಪ್ಪ ಈ ಜಗಳದಲ್ಲಿ ಯಾವ ಕಡೆಗೂ ಸೇರದೆ ಹಿಟ್ಟಿನ ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗುತ್ತಿದ್ದ. ಅರಿಶಿನದ ಹೊಲದಿಂದ ಬಂದವನ ಕೈ ಹಳದಿಯಾಗಿ, ಹಿಟ್ಟಿನ ಮೇಲೂ ಹಳದಿ ಬೆರಳಿನ ಗುರುತು ಬೀಳುತ್ತಿತ್ತು. ಅತ್ತೆ ಸೊಸೆಯ ದನಿ ಏರಿದರೆ ‘ಸಸಾರಜನಕವ ಇನ್ನೊಂದ್ ಸೌಟು ಬುಡು’ ಎಂದು ತಟ್ಟೆ ಮುಂದಕ್ಕೆ ತಳ್ಳಿ ಇಬ್ಬರನ್ನೂ ನಗಿಸುತ್ತಿದ್ದ.

ಆ ಪದಗಳನ್ನು ಮನೆಯಲ್ಲಿ ಎಲ್ಲರಿಗಿಂತ ಬೇಗ ಕಲಿತವಳು ನಾನು. ಯಾಕೆ ಕಲಿತೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಭಾನುವಾರ ಅಂಗನವಾಡಿ ಇರುತ್ತಿರಲಿಲ್ಲ. ಅವತ್ತು ಅವ್ವ ಹಿತ್ತಿಲ ಕಟ್ಟೆಯ ಮೇಲೆ ಕೂತು, ನನ್ನನ್ನು ಎರಡು ಮೊಣಕಾಲಿನ ನಡುವೆ ಕೂರಿಸಿಕೊಂಡು, ತಲೆಗೆ ಹರಳೆಣ್ಣೆ ತಟ್ಟಿ ಬಾಚುತ್ತಿದ್ದಳು. ಬಾಚುತ್ತ ಬಾಚುತ್ತ ನೋಟ್‌ಬುಕ್ಕಿನ ಪಾಠ ಮರೆಯಬಾರದೆಂದು ನನ್ನನ್ನು ಕೇಳುತ್ತಿದ್ದಳು.

“ಮೂಳೆಗೆ?”

“ಸುಣ್ಣದಂಶ.”

“ಕಣ್ಣಿಗೆ?”

“ಜೀವಸತ್ವ ಎ.”

“ಅದೆಲ್ಲದ?”

“ನುಗ್ಗೆ ಸೊಪ್ಪು, ಪರಂಗಿ ಹಣ್ಣು.”

“ನನ್ ಬಂಗಾರ ಕಣಮ್ಮಿ ನೀನು.”

ಆ ಕೊನೆಯ ಮಾತಿಗಾಗಿ ನಾನು ಇಡೀ ನೋಟ್‌ಬುಕ್ಕು ಬಾಯಿಪಾಠ ಮಾಡಿದೆ. ವಾರದಲ್ಲಿ ಆರು ದಿನ ಅವ್ವ ಊರಿನವಳು, ಒಂದು ದಿನ ನನ್ನವಳು. ಆ ಒಂದು ದಿನಕ್ಕೆ ಅಡ್ಡ ಬಂದವಳು ಚಿಕ್ಕತಾಯಿ.

ಚಿಕ್ಕತಾಯಿಯನ್ನು ಅವಳ ಅವ್ವ ನಂಜಮ್ಮ ಕಂಕುಳಲ್ಲಿ ಎತ್ತಿಕೊಂಡು ಬಂದು ನಮ್ಮ ಜಗಲಿಯಲ್ಲಿ ಇಳಿಸಿದ್ದು ನನಗೆ ನೆನಪಿದೆ. ನಂಜಮ್ಮ ಈರುಳ್ಳಿ ಹೊಲ, ಅರಿಶಿನದ ಹೊಲ ಅಂತ ಕಳೆ ತೆಗೆಯಲು ಕೂಲಿಗೆ ಹೋಗುವವಳು. ಮಗಳಿಗೆ ನಾಲ್ಕು ವರ್ಷವಾಗಿದ್ದರೂ ಎತ್ತಿಕೊಂಡೇ ಓಡಾಡುತ್ತಿದ್ದಳು, ಏಕೆಂದರೆ ಆ ಮಗು ಹತ್ತು ಹೆಜ್ಜೆ ನಡೆದರೆ ಕೂತುಬಿಡುತ್ತಿತ್ತು. ಕೆಂಚು ಕೂದಲು, ಉಬ್ಬಿದ ಹೊಟ್ಟೆ, ನುಗ್ಗೆಕಾಯಿಯಂಥ ಕೈಕಾಲು. ಅವ್ವ ಅವತ್ತೇ ಜೋಲಿಯಲ್ಲಿ ಕೂರಿಸಿದಳು. ಮುಳ್ಳು ಒಂಬತ್ತೂಕಾಲು ಕೆಜಿಗೆ ಹೋಗಿ ನಿಂತುಬಿಟ್ಟಿತು. ಪ್ರತಿ ಮಗುವಿಗೂ ಅವ್ವ ಒಂದು ಬೆಳವಣಿಗೆ ಪಟ್ಟಿ ಇಟ್ಟಿದ್ದಳು. ಅದರಲ್ಲಿ ಬೆಟ್ಟ ಹತ್ತಿದ ಹಾಗೆ ಮೇಲಕ್ಕೆ ಹೋಗುವ ಗೆರೆಗಳು. ಎಲ್ಲಕ್ಕಿಂತ ಮೇಲಿನ ಗೆರೆಯ ಮೇಲಿದ್ದರೆ ಮಗು ಚೆನ್ನಾಗಿದೆ ಎಂದು ಅರ್ಥ. ಅಲ್ಲಿಂದ ಕೆಳಗೆ ಅಪೌಷ್ಟಿಕತೆಯ ಒಂದನೇ ದರ್ಜೆ, ಎರಡನೇ ದರ್ಜೆ, ಮೂರನೇ ದರ್ಜೆ. ಚಿಕ್ಕತಾಯಿಯ ಚುಕ್ಕಿ ಮೂರನೇ ದರ್ಜೆಯೊಳಗೆ ಬಿತ್ತು. ಮೂರನೇ ದರ್ಜೆಯ ಮಗುವಿಗೆ ಅಂಗನವಾಡಿಯಲ್ಲಿ ಜೋಡಿ ಊಟ. ಅದರ ಮೇಲೆ ಅವ್ವ ತನ್ನದೇ ಒಂದು ಕಾನೂನು ಮಾಡಿಕೊಂಡಳು: ದಿನಾ ನಮ್ಮ ಮನೆಯ ಒಂದು ಮೊಟ್ಟೆ. ಮಗು ಸಂಜೆ ನಂಜಮ್ಮ ಕೂಲಿಯಿಂದ ಬರುವವರೆಗೂ ನಮ್ಮ ಮನೆಯಲ್ಲೇ ಇರುವುದು.

ನಮ್ಮ ಮನೆಯಲ್ಲಿ ಮೊಟ್ಟೆ ಇಡುತ್ತಿದ್ದದ್ದು ಒಂದೇ ಕೋಳಿ. ಆ ಕೋಳಿ ನನ್ನದು. ಅಜ್ಜಿ ನನ್ನ ಹೆಸರಿಗೆ ಬಿಟ್ಟದ್ದು.

ನಾನು ಮೂರನೇ ಕ್ಲಾಸಿನಿಂದ ಬ್ಯಾಗು ಹೊತ್ತು ಮನೆಗೆ ಬಂದರೆ, ಅಡಿಗೆಮನೆಯ ಹೊಸ್ತಿಲಲ್ಲಿ ಅವ್ವ ಕೂತು, ಅವಳ ತೊಡೆಯ ಮೇಲೆ ಚಿಕ್ಕತಾಯಿ ಕೂತು, ನನ್ನ ಕೋಳಿಯ ಮೊಟ್ಟೆಯ ಸಿಪ್ಪೆ ಬಿಡಿಸುತ್ತಿರುವುದು ಕಾಣುತ್ತಿತ್ತು. ‘ಬಂದ್ಯಾ? ಹಿಟ್ಟದ, ಉಪ್ಪೆಸರು ಅದ, ಆಕ್ಕೊಂಡ್ ಉಣ್ಣು’ ಎನ್ನುವುದಷ್ಟೇ ನನಗೆ. ಹಾಳಾಗಿ ಹೋಗಲಿ, ಮೊಟ್ಟೆ ತಿನ್ನಲಿ ಎಂದು ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ. ಆದರೆ ಒಂದು ದಿನ ಅವ್ವ ಮೊಟ್ಟೆಯನ್ನು ಅವಳ ಮೂಗಿನ ಮುಂದೆ ಹಿಡಿದು ಕೇಳಿದಳು:

“ಇದ್ರಲ್ಲಿ ಯಾನದ, ಮಗ?”

“ಸಸಾರಜನಕ!”

ನಾಲ್ಕು ವರ್ಷದ ಆ ನರಪೇತಲ, ತನ್ನ ಹೆಸರನ್ನೇ ಸರಿಯಾಗಿ ಹೇಳಲಾರದ್ದು, ಆರು ಅಕ್ಷರವನ್ನೂ ಸ್ಪಷ್ಟವಾಗಿ ಹೇಳಿತು. ಅವ್ವ ನಕ್ಕು ನಕ್ಕು ಅವಳ ಕೆನ್ನೆಗೆ ಮುತ್ತು ಕೊಟ್ಟಳು. ‘ನನ್ ಬಂಗಾರ ಕಣಮ್ಮಿ ನೀನು’ ಅಂದಳು. ನನ್ನ ಮಾತು! ನನಗೆ ಅವತ್ತು ಎದೆಯಿಂದ ಹೊಟ್ಟೆಯವರೆಗೆ ಮೆಣಸಿನಕಾಯಿ ಅರೆದು ಹಚ್ಚಿದ ಹಾಗಾಯಿತು. ಮುಂದಿನ ಭಾನುವಾರ ಹಿತ್ತಿಲ ಕಟ್ಟೆಯ ಮೇಲೆ ಅವ್ವ ನನ್ನ ಬಾಚಣಿಗೆಯಲ್ಲಿ ಅವಳ ಹೇನು ತೆಗೆಯುತ್ತಿದ್ದಳು. ನಂಜಮ್ಮ ಭಾನುವಾರವೂ ಕೂಲಿಗೆ ಹೋಗಿದ್ದಳಂತೆ. ನಾನು ನಿಂತೇ ಇದ್ದೆ. ‘ಅಜ್ಜಿ ತಾವ ಬಾಚುಸ್ಕೊ ಓಗಮ್ಮಿ’ ಅಂದಳು.

ಮೊದಲು ನಾನು ಉಣ್ಣುವುದನ್ನು ಬಿಟ್ಟು ನೋಡಿದೆ. ನಾನೂ ತೆಳ್ಳಗಾದರೆ ನನ್ನನ್ನೂ ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾಳೆ ಎಂಬ ಲೆಕ್ಕ. ಎರಡು ಹೊತ್ತು ತಟ್ಟೆ ತಳ್ಳಿದೆ. ಅವ್ವನಿಗೆ ಗೊತ್ತಾಗಲೇ ಇಲ್ಲ. ಅಜ್ಜಿ ‘ಉಣ್ದಿದ್ರ ಬುಡು, ಎಮ್ಮ ಉಣ್ತದ’ ಎಂದು ನನ್ನ ಹಿಟ್ಟನ್ನು ಕಲಗಚ್ಚಿಗೆ ಹಾಕಿದಳು. ಮೂರನೇ ಹೊತ್ತಿಗೆ ಬಸ್ಸಾರಿನ ವಾಸನೆಗೆ ಸೋತು ನಾನೇ ತಟ್ಟೆ ಹಾಕಿಕೊಂಡೆ.

ಆಗ ಹೊಳೆದದ್ದು ಇನ್ನೊಂದು ದಾರಿ. ನಾನು ಕೆಳಗಿಳಿಯಲಾರೆನಾದರೆ ಅವಳನ್ನು ಮೇಲಕ್ಕೆ ಹತ್ತಿಸಬಹುದಲ್ಲ. ಎರಡನೇ ದರ್ಜೆಗೆ ಹೋದರೆ ಜೋಡಿ ಊಟ ನಿಲ್ಲುತ್ತದೆ, ಮೊಟ್ಟೆ ನಿಲ್ಲುತ್ತದೆ, ಬೇರೆ ಮಕ್ಕಳ ಹಾಗೆ ಮಧ್ಯಾಹ್ನಕ್ಕೇ ಮನೆಗೆ ಹೋಗುತ್ತಾಳೆ. ತೂಕದ ಶನಿವಾರ ನನಗೆ ಅರ್ಧ ದಿನ ಇಸ್ಕೂಲು. ಮಕ್ಕಳನ್ನು ಎತ್ತಿ ಜೋಲಿಯಲ್ಲಿ ಕೂರಿಸುವುದು ನನ್ನ ಕೆಲಸ, ಮುಳ್ಳು ನೋಡಿ ಬರೆಯುವುದು ಅವ್ವನ ಕೆಲಸ. ಅರಿಶಿನ ತೂಗುವ ನಮ್ಮ ಹಳೇ ತಕ್ಕಡಿಯ ಕಲ್ಲುಗಳು ಅಟ್ಟದ ಮೇಲಿದ್ದವು. ಕಲ್ಲು ಅಂದರೆ ಕಬ್ಬಿಣದ ತುಂಡುಗಳೇ. ಅದರಲ್ಲಿ ಅರ್ಧ ಕೆಜಿಯದನ್ನು ತೆಗೆದು, ಅಜ್ಜಿಯ ಹಳೇ ಎಲೆಅಡಿಕೆ ಚೀಲದೊಳಗೆ ಹಾಕಿ, ಚಿಕ್ಕತಾಯಿಯನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ, ಲಂಗದೊಳಗೆ ಉಡುದಾರಕ್ಕೆ ಕಟ್ಟಿದೆ.

“ಯಾನಕ್ಕ ಇದು?”

“ಇದ ಕಟ್ಕೊಂಡ್ರ ಟೀಚರಮ್ಮ ನಗ್ತಾರ. ಯಾರ್ಗೂ ಯೋಳ್ಬ್ಯಾಡ.”

ಅವಳು ತಲೆಯಾಡಿಸಿದಳು. ಬಾಯಿಗೆ ಒಂದು ಚೂರು ಬೆಲ್ಲ ಇಟ್ಟೆ. ನಾನು ಅವಳಿಗೆ ಏನಾದರೂ ಕೊಟ್ಟದ್ದು ಅದೇ ಮೊದಲು, ಅವಳ ಮುಖ ಎಷ್ಟು ಅರಳಿತೆಂದರೆ ನನಗೆ ಇನ್ನೂ ಸಿಟ್ಟು ಬಂತು.

ಮುಳ್ಳು ಒಂಬತ್ತೂಮುಕ್ಕಾಲು ತೋರಿಸಿತು. ಅವ್ವ ಚುಕ್ಕಿ ಇಟ್ಟು ಗೆರೆ ಎಳೆದಳು, ಎರಡನೇ ದರ್ಜೆ. ಅವ್ವ ನಿಜವಾಗಿಯೂ ನಕ್ಕಳು. ‘ಅತ್ತೆ, ಬನ್ನಿ ನೋಡಿ, ಗೆದ್ದುಬುಟ್ಲು ನನ್ ಕೂಸು!’ ಎಂದು ಕೂಗಿದಳು. ಮಾರನೇ ದಿನ ಭಾನುವಾರ. ಅವ್ವನ ಎರಡು ಮೊಣಕಾಲಿನ ನಡುವೆ ಕೂತು, ಕಣ್ಣು ಮುಚ್ಚಿ, ‘ಮೂಳೆಗೆ?’ ‘ಸುಣ್ಣದಂಶ’ ಎಂದವಳು ನಾನು. ಅಷ್ಟು ಸುಖವಾದ ಭಾನುವಾರ ನನ್ನ ಬಾಳಿನಲ್ಲಿ ಮತ್ತೆ ಬರಲಿಲ್ಲ ಎಂದು ನಾಚಿಕೆಯಿಲ್ಲದೆ ಬರೆಯುತ್ತೇನೆ.

ಆದರೆ ಕಲ್ಲು ಕಟ್ಟಿದವರಿಗೆ ಒಂದು ಕಷ್ಟವಿದೆ. ಮುಂದಿನ ತಿಂಗಳು ಕಟ್ಟದಿದ್ದರೆ ಚುಕ್ಕಿ ಧೊಪ್ಪನೆ ಕೆಳಗೆ ಬೀಳುತ್ತದೆ, ಗುಟ್ಟು ರಟ್ಟಾಗುತ್ತದೆ. ಅಷ್ಟೇ ಕಟ್ಟಿದರೂ ಸಾಲದು, ಏಕೆಂದರೆ ಮೊಟ್ಟೆ ನಿಂತಿತ್ತು, ಜೋಡಿ ಊಟ ನಿಂತಿತ್ತು, ಮಧ್ಯಾಹ್ನದ ಮೇಲೆ ಮಗು ನಂಜಮ್ಮನ ಜೊತೆ ಬಿಸಿಲಲ್ಲಿ ಹೊಲದ ಬದುವಿನ ಮೇಲೆ ಕೂತಿರುತ್ತಿತ್ತು. ಎರಡನೇ ತಿಂಗಳು ನಾನು ಒಂದು ಕೆಜಿ ಕಲ್ಲು ಕಟ್ಟಿದೆ. ಚುಕ್ಕಿ ಮತ್ತೆ ಮೇಲೆ ಹೋಯಿತು. ಚಿಕ್ಕತಾಯಿ ಮಾತ್ರ, ತೂಕ ಮುಗಿದು ನಾನು ಬಿಚ್ಚುವವರೆಗೂ, ಕಲ್ಲಿನ ಭಾರಕ್ಕೆ ಬಾಗಿ ನಡೆಯುತ್ತಿದ್ದಳು. ಅವ್ವ ತನ್ನ ಕಡೆ ನೋಡಿದಾಗಲೆಲ್ಲ ಹಲ್ಲು ಬಿಡುತ್ತಿದ್ದಳು, ಗುಟ್ಟು ತನಗೂ ಗೊತ್ತು ಅನ್ನುವ ಹೆಮ್ಮೆ ಅವಳಿಗೆ.

ಮುಂದಿನ ಶನಿವಾರ ಮಧ್ಯಾಹ್ನ ಮಕ್ಕಳು ಮನೆಗೆ ಹೊರಡುವಾಗ ಅಜ್ಜಿ ಅವ್ವನನ್ನು ತಡೆದು ನಿಲ್ಲಿಸಿದಳು. ಜಗಲಿಯಲ್ಲಿ ನಿಂತಿದ್ದ ಚಿಕ್ಕತಾಯಿಯ ರಟ್ಟೆಯನ್ನು ತನ್ನ ಹೆಬ್ಬೆರಳು ನಡುಬೆರಳಿನ ನಡುವೆ ಬಳೆಯ ಹಾಗೆ ಹಿಡಿದಿದ್ದಳು.

“ನೋಡಮ್ಮಿ, ಓದ್ ತಿಂಗ್ಳು ಈ ಬೆರಳು ಕೂಡ್ತಿರ್ನಿಲ್ಲ. ಈಗ ಕೂಡ್ತವ. ಈ ಕೂಸು ಇಳ್ದೋಗವಳ.”

“ಪಟ್ಟೀಲಿ ಏರವಳ, ಅತ್ತೆ.”

“ಪಟ್ಟಿ ಉಣ್ತದ? ಉಣ್ಣೋದು ಕೂಸು. ಕೂಸ್ನ ನೋಡು.”

“ಬೆರಳಲ್ಲಿ ತೂಕ ಗೊತ್ತಾಗ್ತದಾ? ನಿಮ್ಗ ಗೊತ್ತಾಗಲ್ಲ ಸುಮ್ಕಿರಿ, ಅತ್ತೆ. ಅದ್ಕ ಓದಿರ್ಬೇಕು.”

ಅಜ್ಜಿ ಆ ರಾತ್ರಿ ಉಣ್ಣಲಿಲ್ಲ. ಅವ್ವ ಬೇರೆ ಹೊತ್ತಿನಲ್ಲಿ ಅಂಥ ಮಾತಾಡುವವಳಲ್ಲ. ಅವಳಿಗೂ ಒಂದು ಆಸೆ ಹತ್ತಿತ್ತು. ಮೂರನೇ ದರ್ಜೆಯ ಮಗುವನ್ನು ಎರಡೇ ತಿಂಗಳಲ್ಲಿ ಎತ್ತಿದ್ದು ಹೇಗೆ ಎಂದು ಗುಂಡ್ಲುಪೇಟೆಯ ಮೀಟಿಂಗಿನಲ್ಲಿ ನಿಂತು ಮಾತಾಡಬೇಕೆಂದು ಮೇಲ್ವಿಚಾರಕಿ ಮೇಡಂ ಹೇಳಿಕಳಿಸಿದ್ದರು. ಅವ್ವ ಕನ್ನಡಿಯ ಮುಂದೆ ನಿಂತು ಆ ಪದಗಳನ್ನೆಲ್ಲ ಜೋಡಿಸಿ ಜೋಡಿಸಿ ಹೇಳಿಕೊಳ್ಳುವುದನ್ನು ನಾನು ಬಾಗಿಲ ಸಂದಿಯಿಂದ ನೋಡಿದ್ದೆ. ಅಷ್ಟು ದೊಡ್ಡವಳಾದ ಅವ್ವ ನನ್ನ ಹಾಗೇ ಹೊಗಳಿಕೆಗೆ ಕಾಯುತ್ತಾಳೆಂದು ಆಗಲೇ ನನಗೆ ತಿಳಿದದ್ದು.

ಮೂರನೇ ತೂಕದ ಶನಿವಾರ ಮೇಡಂ ತಾವೇ ನೋಡಲು ಬಂದರು. ನಂಜಮ್ಮನೂ ಕೂಲಿ ಬಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದಳು. ನಾನು ಒಂದು ಕೆಜಿ, ಅರ್ಧ ಕೆಜಿ ಎರಡೂ ಕಟ್ಟಿದ್ದೆ. ಜೋಲಿಗೆ ಕೂರಿಸಿ ಕೈ ಬಿಟ್ಟೆ. ಮುಳ್ಳು ಹತ್ತೂಕಾಲು ತಲುಪಿತು, ಮೇಡಂ ‘ಭೇಷ್’ ಎನ್ನುವುದಕ್ಕೂ ಉಡುದಾರ ಕಿತ್ತು ಚೀಲ ಜೋಲಿಯ ಸಂದಿಯಿಂದ ಜಾರಿ ಕೆಂಪು ಗಾರೆ ನೆಲದ ಮೇಲೆ ದಡಾರನೆ ಬೀಳುವುದಕ್ಕೂ ಸರಿಹೋಯಿತು. ಮುಳ್ಳು ಸರ್ರನೆ ಹಿಂದೆ ಸರಿದು ಒಂಬತ್ತಕ್ಕಿಂತ ಕೆಳಗೆ ಹೋಗಿ ನಿಂತಿತು. ಚೀಲದ ಬಾಯಿ ಬಿಚ್ಚಿ ಕಲ್ಲು ಹೊರಗೆ ಬಿದ್ದಿತ್ತು. ಅವ್ವ ಕಲ್ಲು ನೋಡಿದಳು, ಅಜ್ಜಿಯ ಚೀಲ ನೋಡಿದಳು, ನನ್ನನ್ನು ನೋಡಿದಳು. ತೊಲೆಯಿಂದ ನೇತಾಡುತ್ತಿದ್ದ ಚಿಕ್ಕತಾಯಿ ಅಳತೊಡಗಿದಳು.

“ಅಕ್ಕನ್ನ ಬೈಬ್ಯಾಡಿ ಟೀಚರಮ್ಮ. ನೀವು ನಗ್ಲಿ ಅಂತ ಕಟ್ಟವಳ ಅಕ್ಕ.”

ನಂಜಮ್ಮ ಓಡಿ ಬಂದು ಮಗಳನ್ನು ಜೋಲಿಯಿಂದ ಕಿತ್ತುಕೊಂಡಳು. ಅವ್ವನ ಕಡೆ ತಿರುಗಿ ಇಷ್ಟೇ ಅಂದಳು:

“ನಿಮ್ಮನ್ನ ನಂಬಿದ್ದೆ ಕಣ್ರವ್ವ.”

ಅವ್ವ ಮೇಡಂ ಕೈಯಿಂದ ಪಟ್ಟಿ ಇಸಿದುಕೊಂಡು, ಎರಡು ತಿಂಗಳ ಎರಡು ಚುಕ್ಕಿಗಳ ಮೇಲೂ ಅಡ್ಡಗೆರೆ ಎಳೆದಳು. ಇವತ್ತಿನ ಚುಕ್ಕಿಯನ್ನು ಮೂರನೇ ದರ್ಜೆಯಲ್ಲಿ, ಮೊದಲಿಗಿಂತಲೂ ಕೆಳಗೆ ಇಟ್ಟಳು. ‘ತಪ್ಪು ನನ್ನದು ಮೇಡಂ. ಕಾಗ್ದ ನೋಡ್ದೆ, ಮಗು ನೋಡ್ನಿಲ್ಲ’ ಅಂದಳು. ನನ್ನ ಹೆಸರು ಎತ್ತಲಿಲ್ಲ. ಗುಂಡ್ಲುಪೇಟೆಯಲ್ಲಿ ಅವ್ವ ಮಾತಾಡುವ ಮೀಟಿಂಗು ಅಲ್ಲಿಗೆ ಮುಗಿಯಿತು.

ಎಲ್ಲರೂ ಹೋದ ಮೇಲೆ ಹೊಡೆತಕ್ಕೆ ಕಾಯುತ್ತ ಮೂಲೆಯಲ್ಲಿ ನಿಂತಿದ್ದೆ. ಅವ್ವ ಹೊಡೆಯಲಿಲ್ಲ. ‘ಬಾ ಇಲ್ಲಿ’ ಎಂದು ಕರೆದು, ಜೋಲಿ ಬಿಚ್ಚಿ, ತಕ್ಕಡಿಯ ಕೊಕ್ಕೆಯನ್ನೇ ಎರಡು ಕೈಯಲ್ಲಿ ಹಿಡಿದು ಜೋತುಬೀಳು ಅಂದಳು. ಕೊನೆಗೂ ನನ್ನ ಕೊಂಡಿಗೆ ನಾನು ನೇತುಬಿದ್ದೆ. ಅವ್ವ ಮುಳ್ಳು ನೋಡಿದಳು.

“ಇಪ್ಪತ್ತೆರಡು. ವಯಸ್ಸಿಗೆ ಸರ್ಯಾಗದ. ನಿಂಗ ಯಾನ್ ಕಮ್ಮಿ ಮಾಡಿದ್ದೆ ಮಂಗಳ?”

ಕೊರತೆಗಳ ಹೆಸರೆಲ್ಲ ನನಗೆ ಬಾಯಿಗೆ ಬರುತ್ತಿದ್ದವು. ಯಾವುದನ್ನು ಹೇಳುವುದು? ಕೈ ಸೋತು ಕೆಳಗೆ ಬಿದ್ದೆ. ಅವ್ವ ಅಡಿಗೆಮನೆಗೆ ಹೋಗಿ ಒದ್ದೆ ಬಟ್ಟೆಯಲ್ಲಿ ಡಬ್ಬಗಳ ಮೇಲಿನ ಸೀಮೆಸುಣ್ಣವನ್ನೆಲ್ಲ ಒರೆಸಿದಳು. ಆಮೇಲೆ ಅಜ್ಜಿಯ ಮುಂದೆ ಕೂತು ಅತ್ತಳು.

ಎರಡು ದಿನಕ್ಕೆ ಚಿಕ್ಕತಾಯಿಗೆ ವಾಂತಿ ಭೇದಿ ಶುರುವಾಯಿತು. ಅವ್ವ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಬಸ್ಸು ಹತ್ತಿ ಗುಂಡ್ಲುಪೇಟೆ ಆಸ್ಪತ್ರೆಗೆ ಹೋದವಳು ಹದಿನೈದು ದಿನ ನಂಜಮ್ಮನ ಜೊತೆ ಅಲ್ಲೇ ಕೂತಳು. ಎರಡು ಭಾನುವಾರ ನನ್ನ ತಲೆ ಬಾಚಿದವಳು ಅಜ್ಜಿ. ಆ ಮಗು ಸತ್ತುಹೋದರೆ ನಾನೇ ಕೊಂದ ಹಾಗೆ ಎಂದು ಹೆದರಿ ಎರಡು ವಾರ ಸರಿಯಾಗಿ ನಿದ್ದೆ ಮಾಡಲಿಲ್ಲ. ಅಷ್ಟು ಹೆದರಿದ್ದರೂ, ಅವ್ವ ಅಲ್ಲಿ ಅವಳನ್ನು ತೊಡೆಯ ಮೇಲೆ ಹಾಕಿಕೊಂಡಿರುತ್ತಾಳೆ ಅನ್ನುವ ಉರಿಯೂ ಹೆದರಿಕೆಯ ಪಕ್ಕದಲ್ಲೇ ಇತ್ತು. ಚಿಕ್ಕತಾಯಿ ಬದುಕಿ ಬಂದಳು. ಬಂದ ದಿನದಿಂದ ಮೊಟ್ಟೆಯ ಸಿಪ್ಪೆ ಬಿಡಿಸಿ ಅವಳ ಬಾಯಿಗೆ ಇಡುವ ಕೆಲಸ ಅವ್ವ ನನಗೆ ಹಚ್ಚಿದಳು. ಪಶ್ಚಾತ್ತಾಪದಿಂದ ಇಟ್ಟೆ ಎಂದು ಬರೆದರೆ ಸುಳ್ಳಾಗುತ್ತದೆ. ಹಲ್ಲು ಕಚ್ಚಿಕೊಂಡು ಇಟ್ಟೆ. ವರ್ಷ ಕಳೆಯುವುದರೊಳಗೆ ಅವಳ ಚುಕ್ಕಿ ಮೇಲಿನ ಗೆರೆ ಮುಟ್ಟಿತು, ಕಲ್ಲಿಲ್ಲದೆ.

ಈಗ ಅಜ್ಜಿ ಇಲ್ಲ, ಅಪ್ಪ ಇಲ್ಲ. ಅವ್ವ ನನ್ನ ಜೊತೆ ಇದ್ದಾಳೆ. ಒಬ್ಬಳೇ ಮಗಳೆಂದು ಗಂಡನನ್ನು ಈ ಮನೆಗೇ ತಂದುಕೊಂಡೆವು; ನಾನು ದಿನಾ ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಹೋಗಿ ಆಫೀಸು ಮುಗಿಸಿ ಬರುತ್ತೇನೆ. ಹಜಾರದ ಗಾರೆ ನೆಲದಲ್ಲಿ ಕಲ್ಲು ಬಿದ್ದ ಗುಳಿ ಹಾಗೇ ಇದೆ. ಅಂಗನವಾಡಿಗೆ ಈಗ ಸ್ವಂತ ಕಟ್ಟಡವಿದೆ. ಅಲ್ಲಿ ಟೀಚರ್ ಯಾರೆಂದರೆ ಚಿಕ್ಕತಾಯಿ. ತೂಕದ ತಕ್ಕಡಿಯ ಜೊತೆಗೆ ಅವರಿಗೆ ಈಗ ತೋಳಿನ ಸುತ್ತಳತೆ ನೋಡಲು ಒಂದು ಬಣ್ಣದ ಪಟ್ಟಿಯನ್ನೂ ಕೊಟ್ಟಿದ್ದಾರೆ. ಅಜ್ಜಿಯ ಎರಡು ಬೆರಳು ಮಾಡುತ್ತಿದ್ದದ್ದೂ ಅದೇ ಕೆಲಸ.

ಅವ್ವನಿಗೆ ಸಕ್ಕರೆ ಕಾಯಿಲೆ. ಈಚೆಗೆ ಊಟ ಸೇರುವುದಿಲ್ಲ, ಇಳಿದುಹೋಗುತ್ತಿದ್ದಾಳೆ. ಶನಿವಾರ ಸಂಜೆ ಚಿಕ್ಕತಾಯಿ ಸ್ಕೂಟರಿನಲ್ಲಿ ಬಂದು, ಹಿತ್ತಿಲ ಕಟ್ಟೆಯ ಮೇಲೆ ಅವ್ವನ ಹಿಂದೆ ಕೂತು, ತಲೆ ಬಾಚುತ್ತಾಳೆ. ‘ಮೂಳೆಗೆ, ಟೀಚರಮ್ಮ?’ ಎನ್ನುತ್ತಾಳೆ. ಅವ್ವ ಮಗುವಿನ ಹಾಗೆ ‘ಸುಣ್ಣದಂಶ’ ಎನ್ನುತ್ತಾಳೆ. ಮಾತ್ರೆ ನುಂಗಿಸುವವಳು ನಾನು, ಬಚ್ಚಲಿಗೆ ಕರೆದೊಯ್ಯುವವಳು ನಾನು, ನನಗೆ ಅವ್ವ ಆ ದನಿಯಲ್ಲಿ ಯಾವತ್ತೂ ಉತ್ತರ ಕೊಟ್ಟಿಲ್ಲ. ಹೋದ ಶನಿವಾರ ಅಡಿಗೆಮನೆಯ ಬಾಗಿಲಲ್ಲಿ ನಿಂತು ಅದನ್ನು ಕೇಳಿಸಿಕೊಳ್ಳುತ್ತಿದ್ದೆ. ಚಿಕ್ಕತಾಯಿ ತಲೆಯೆತ್ತಿ ಕೇಳಿದಳು.

“ಈ ತಿಂಗ್ಳು ಎಷ್ಟು ತೂಗಿದ್ರು ಅಕ್ಕ?”

ಬೆಳಿಗ್ಗೆ ನಾನೇ ಮಷೀನಿನ ಮೇಲೆ ನಿಲ್ಲಿಸಿದ್ದೆ. ನಲವತ್ತನಾಲ್ಕು ಬಂದಿತ್ತು, ಹೋದ ತಿಂಗಳಿಗಿಂತ ಮೂರು ಕಮ್ಮಿ. ನಿಜ ಹೇಳಿದರೆ ಇವಳು ಬ್ಯಾಗು ತಂದು ಇಲ್ಲೇ ಉಳಿಯುತ್ತಾಳೆ, ಗಂಜಿ ಮಾಡಿ ಕೂತು ಕುಡಿಸುತ್ತಾಳೆ, ಅವ್ವ ಇವಳ ಕೈಯಲ್ಲಾದರೆ ಕುಡಿಯುತ್ತಾಳೆ.

“ನಲವತ್ತೆಂಟು” ಅಂದೆ.

ಚಿಕ್ಕತಾಯಿ ಬಾಚಣಿಗೆ ಕೆಳಗಿಟ್ಟು, ಅವ್ವನ ರಟ್ಟೆಯನ್ನು ಹೆಬ್ಬೆರಳು ನಡುಬೆರಳಿನ ನಡುವೆ ಬಳೆಯ ಹಾಗೆ ಹಿಡಿದಳು. ಬೆರಳು ಕೂಡಿದವು. ಆಮೇಲೆ ನನ್ನ ಕಡೆ ನೋಡಿ, ಅವ್ವನಿಗೆ ಕೇಳಿಸದ ಹಾಗೆ, ಮೆತ್ತಗೆ ಹೇಳಿದಳು.

“ಕಲ್ಲು ತಗಿ ಅಕ್ಕ.”

ನಾನು ನಲವತ್ತನಾಲ್ಕು ಅಂದೆ. ಆಮೇಲೆ ಒಳಗೆ ಹೋಗಿ ಒಲೆಯ ಮೇಲೆ ಎರಡು ಮೊಟ್ಟೆ ಬೇಯಲಿಟ್ಟೆ. ಬೆಂದ ಮೇಲೆ ಸಿಪ್ಪೆ ಬಿಡಿಸಿ ತಟ್ಟೆಯನ್ನು ಚಿಕ್ಕತಾಯಿಯ ಕೈಗೇ ಕೊಟ್ಟೆ. ಅವ್ವ ಅವಳ ಕೈಯಿಂದ ತಿಂದಳು. ನಾನು ಪಕ್ಕದಲ್ಲೇ ನಿಂತು ನೋಡಿದೆ, ಹೊಟ್ಟೆ ಉರಿಯುತ್ತಿತ್ತು.